ತಾಳಿದವನು ಬಾಳಿಯಾನೇ?

ವಿಡಿಯೊ ಗೇಮ್ ಯಂತ್ರದ ಬೆಲೆಯ ವಿಚಾರವನ್ನು ಸಂಘದ ತ್ರೈಮಾಸಿಕದಲ್ಲಿ ಎತ್ತಿಕೊಂಡಿರುವುದು ಕೆಲವು ಹಿರಿಯ ಓದುಗರಿಗೆ ವಿಚಿತ್ರವೆನಿಸಬಹುದು. ಗಡಿ, ನದಿನೀರು, ಹೊರನಾಡಿನ ಕನ್ನಡ ಶಾಲೆಗಳ ಅಳಿವು ಉಳಿವು ಇತ್ಯಾದಿ ಪ್ರಶ್ನೆಗಳಿಗೆ ಮೀಸಲಾದ ಪುಟಗಳಲ್ಲಿ ಮಕ್ಕಳ ಆಟಿಕೆಗೇನು ಕೆಲಸವೆಂದು ಅವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಂಬಳದ ಮೇಲೆ ಬದುಕುವ ಹೊರನಾಡ ಕನ್ನಡಿಗರ ಮನೆವಾರ್ತೆ ಕಳೆದ ನಾಲ್ಕು ದಶಕಗಳಿಂದ ಯಾವ ನಂಬಿಕೆಯ ಮೇಲೆ ನಡೆದುಬಂದಿದೆಯೋ ಆ ನಂಬಿಕೆಯ ಒಂದು ಕಂಬ ಈಗ ಅಲುಗಾಡುತ್ತಿದೆ. ಅದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಈ ಆಟಿಕೆಯಲ್ಲಿಯೇ. ಆದ್ದರಿಂದ ಈ ಲೇಖನ.

ಆ ನಂಬಿಕೆ ಯಾವುದೆಂದು ಹೇಳುವುದು ಕಷ್ಟವಲ್ಲ. ಹೊಸ ಯಂತ್ರ ಪೇಟೆಗೆ ಬಂದ ಕೂಡಲೇ ಕೊಳ್ಳಬೇಡ, ಎರಡು ವರ್ಷ ತಾಳು, ಬೆಲೆ ತಾನಾಗಿಯೇ ಇಳಿಯುತ್ತದೆ ಎಂಬುದೇ ಅದು. ಕ್ಯಾಲ್ಕ್ಯುಲೇಟರ್, ಕಂಪ್ಯೂಟರ್, ಮೊಬೈಲ್ ಫೋನು, ಚಪ್ಪಟೆ ಟೀವಿ, ಎಲ್ಲದರಲ್ಲಿಯೂ ಈ ಮಾತು ನಿಜವಾಯಿತು. ಮನೆ ಬಾಡಿಗೆ, ಸಾಲದ ಕಂತು, ಊರಿಗೆ ಕಳುಹಿಸುವ ಹಣ ಇವೆಲ್ಲ ಕಳೆದು ಉಳಿದುದರಲ್ಲಿ ಸಂಸಾರ ತೂಗಿಸುವವನಿಗೆ ಕಾಯುವಿಕೆಯೇ ಒಂದು ಬಂಡವಾಳವಾಗಿತ್ತು. 'ತಾಳಿದವನು ಬಾಳಿಯಾನು' ಎಂಬ ಗಾದೆಗೆ ಎಲೆಕ್ಟ್ರಾನಿಕ್ಸ್ ಉದ್ಯಮವೇ ಬಂದು ರುಜು ಹಾಕಿದಂತಿತ್ತು. 2000ದ ದಶಕದಲ್ಲಿ ನನ್ನ ಮಗ ಪ್ಲೇಸ್ಟೇಷನ್ ಬೇಕೆಂದು ಹಟ ಹಿಡಿದಾಗ ನಾನು ಕೊಟ್ಟ ಉತ್ತರವೂ ಇದೇ. ಅವನು ತಾಳಿದ, ಬೆಲೆ ಇಳಿಯಿತು, ಯಂತ್ರ ಮನೆಗೆ ಬಂತು. ಇಂದು ನನ್ನ ಕಿರಿಯ ಸಹೋದ್ಯೋಗಿಗಳು ತಮ್ಮ ಮಕ್ಕಳ ಪರವಾಗಿ ಅದೇ ಪ್ರಶ್ನೆ ಕೇಳಿದರೆ ಆ ಉತ್ತರವನ್ನು ಕೊಡುವಂತಿಲ್ಲ. ಏಕೆ ಕೊಡುವಂತಿಲ್ಲ ಎಂಬುದನ್ನು ವಿವರಿಸುವುದೇ ಇಲ್ಲಿನ ಉದ್ದೇಶ. ಇಲ್ಲಿರುವ ಅಭಿಪ್ರಾಯಗಳು ನನ್ನ ವೈಯಕ್ತಿಕ ಅಭಿಪ್ರಾಯಗಳೇ ಹೊರತು ನಾನು ಸೇವೆ ಸಲ್ಲಿಸುತ್ತಿರುವ ಸರ್ಕಾರದವಲ್ಲ ಎಂಬ ವಾಡಿಕೆಯ ಮಾತನ್ನೂ ಇಲ್ಲಿಯೇ ಸೇರಿಸಿಬಿಡುತ್ತೇನೆ.

ಇಳಿಕೆಯ ಇತಿಹಾಸ

ಮೊದಲು ಅಂಕಿಗಳನ್ನು ನೋಡೋಣ. ಸೋನಿ ಸಂಸ್ಥೆಯ ಮೊದಲ ಪ್ಲೇಸ್ಟೇಷನ್ 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. 1995ರ ಸೆಪ್ಟೆಂಬರಿನಲ್ಲಿ ಅದು ಅಮೆರಿಕಕ್ಕೆ ಬಂದಾಗ ಬೆಲೆ 299 ಡಾಲರ್. 1996ರಲ್ಲಿ 199, 1997ರಲ್ಲಿ 149, 1998ರಲ್ಲಿ 129, 1999ರಲ್ಲಿ 99. ನಾಲ್ಕೇ ವರ್ಷಗಳಲ್ಲಿ ಬೆಲೆ ಮೂರನೆಯ ಒಂದು ಭಾಗಕ್ಕೆ ಇಳಿಯಿತು. 2000ದಲ್ಲಿ ಬಂದ ಎರಡನೆಯ ಪ್ಲೇಸ್ಟೇಷನ್ನಿನದೂ ಅದೇ ಕಥೆ. ಅಲ್ಲಿಯೂ ಆರಂಭ 299 ಡಾಲರ್. 2002ರಲ್ಲಿ 199, 2004ರಲ್ಲಿ 149, 2006ರಲ್ಲಿ 129, 2009ರಲ್ಲಿ 99. ಇದರ ತಯಾರಿಕೆ ನಿಂತದ್ದು 2013ರ ಆರಂಭದಲ್ಲಿ. ಅಷ್ಟರಲ್ಲಿ ಮಾರಾಟ 15 ಕೋಟಿಯನ್ನು ದಾಟಿತ್ತು. ಈ 15 ಕೋಟಿಯಲ್ಲಿ ಮೊದಲ ವರ್ಷದ ಬೆಲೆ ಕೊಟ್ಟವರು ಸ್ವಲ್ಪವೇ ಮಂದಿ. ಉಳಿದವರೆಲ್ಲ ಏಣಿಯ ಒಂದೊಂದು ಮೆಟ್ಟಿಲು ಕೆಳಗಿಳಿದು ಬಂದಂತೆ ಕೈಗೆಟುಕಿಸಿಕೊಂಡವರು. ಅನುಕೂಲಸ್ಥರು ಮೊದಲು ಹೆಚ್ಚು ಕೊಟ್ಟರು, ಮಧ್ಯಮ ವರ್ಗದವರು ಆಮೇಲೆ ಕಡಿಮೆ ಕೊಟ್ಟರು, ಕೊನೆಗೆ ಇನ್ನೂ ಕಡಿಮೆ ಆದಾಯದವರ ಮನೆಯ ಮಗುವಿಗೂ ಅದೇ ಆಟ ಸಿಕ್ಕಿತು.

ಈ ಏಣಿಯ ಕಟ್ಟಕಡೆಯ ಮೆಟ್ಟಿಲನ್ನು ಕಂಡವರು ನಾವು, ಭಾರತದವರು. ನಿಂಟೆಂಡೊ ಕಂಪನಿಯು 1983ರಲ್ಲಿ ಜಪಾನಿನಲ್ಲಿ 14,800 ಯೆನ್ನಿಗೆ ಮಾರಲು ಆರಂಭಿಸಿದ ಫ್ಯಾಮಿಕಾಮ್ ಎಂಬ ಯಂತ್ರದ ನಕಲುಗಳು 1990ರ ದಶಕದಲ್ಲಿ ನಮ್ಮ ಊರುಗಳಲ್ಲೆಲ್ಲ ಹರಡಿಕೊಂಡವು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದಿಲ್ಲಿಯ ಪಾಲಿಕಾ ಬಜಾರ್, ಬೆಂಗಳೂರಿನ ಎಸ್.ಪಿ. ರಸ್ತೆ, ಎಲ್ಲಿ ನೋಡಿದರೂ ಅವೇ. '9999 ಆಟಗಳು' ಎಂದು ಬರೆದ ಹಳದಿ ಕ್ಯಾಸೆಟ್ಟುಗಳು ಈ ಪತ್ರಿಕೆಯ ಅನೇಕ ಓದುಗರ ಮನೆಯ ಅಟ್ಟದ ಮೇಲೆ ಇಂದಿಗೂ ಇರಬಹುದು. ಒಮ್ಮೆ ಹಲವಾರು ಚಿಪ್ಪುಗಳು ಬೇಕಾಗಿದ್ದ ಮಂಡಲವೆಲ್ಲ ಅಷ್ಟು ಹೊತ್ತಿಗೆ ಒಂದೇ ಚಿಪ್ಪಿನಲ್ಲಿ ಅಡಗಿ, ಅದರ ಮೇಲೊಂದು ಕಪ್ಪು ರಾಳದ ಬೊಟ್ಟು ಕೂತಿತ್ತು. ಹಕ್ಕುಸ್ವಾಮ್ಯದ ದೃಷ್ಟಿಯಿಂದ ಅದು ಸರಿಯಾದ ವ್ಯಾಪಾರವಾಗಿರಲಿಲ್ಲ. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ತಯಾರಿಕೆಯ ವೆಚ್ಚ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದಕ್ಕೆ ಆ ಕಪ್ಪು ಬೊಟ್ಟಿಗಿಂತ ಉತ್ತಮ ಸಾಕ್ಷಿ ಬೇರೊಂದಿಲ್ಲ.

ಶಂಕರಪೋಳಿಯ ಲೆಕ್ಕ

ಬೆಲೆ ಹೀಗೆ ಇಳಿದದ್ದೇಕೆ? ಕಂಪನಿಗಳ ಔದಾರ್ಯದಿಂದಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. ಇದರ ಒಳಗುಟ್ಟು ನಮ್ಮ ಅಡುಗೆಮನೆಯ ಉದಾಹರಣೆಯಿಂದ ಸುಲಭವಾಗಿ ತಿಳಿಯುತ್ತದೆ.

ದೀಪಾವಳಿಗೆ ಶಂಕರಪೋಳಿ ಮಾಡುವಾಗ ಹಿಟ್ಟನ್ನು ದುಂಡಗೆ ಲಟ್ಟಿಸಿ, ಅದನ್ನು ಕರ್ಣರೇಖೆಗಳಲ್ಲಿ ಕೊಯ್ದು ತುಂಡು ಮಾಡುತ್ತೇವೆ. ಚಿಪ್ಪಿನ ತಯಾರಿಕೆಯೂ ಹೆಚ್ಚುಕಡಿಮೆ ಹಾಗೆಯೇ. ಸಿಲಿಕಾನಿನ ದುಂಡಗಿನ ಬಿಲ್ಲೆಯೊಂದರ ಮೇಲೆ ನೂರಾರು ಚಿಪ್ಪುಗಳನ್ನು ಒಟ್ಟಿಗೆ ಮೂಡಿಸಿ, ಆಮೇಲೆ ಕೊಯ್ದು ಬೇರ್ಪಡಿಸುತ್ತಾರೆ. ವೆಚ್ಚ ಬೀಳುವುದು ಬಿಲ್ಲೆಗೆ, ತುಂಡಿಗಲ್ಲ. ಆದ್ದರಿಂದ ತುಂಡು ಚಿಕ್ಕದಾದಷ್ಟೂ ಒಂದು ಬಿಲ್ಲೆಯಿಂದ ಹೆಚ್ಚು ತುಂಡುಗಳು ದೊರೆತು, ಒಂದೊಂದರ ಪಾಲಿನ ವೆಚ್ಚ ಇಳಿಯುತ್ತದೆ. ಇನ್ನೊಂದು ಲಾಭವೂ ಇದೆ. ಲಟ್ಟಿಸಿದ ಹಿಟ್ಟಿನಲ್ಲಿ ಐದಾರು ಕಡೆ ಕಸ ಸಿಕ್ಕಿಕೊಂಡಿದೆ ಎನ್ನೋಣ. ತುಂಡುಗಳು ದೊಡ್ಡವಾದರೆ ಒಟ್ಟು ಹಿಟ್ಟಿನ ದೊಡ್ಡ ಪಾಲೇ ಕೆಡುತ್ತದೆ. ಚಿಕ್ಕವಾದರೆ ಐದಾರು ತುಂಡುಗಳನ್ನು ಎತ್ತಿ ಎಸೆದರೆ ಮುಗಿಯಿತು. ಒಂದು ಚಿಪ್ಪಿನ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ವೆಚ್ಚ ಅರ್ಧಕ್ಕಿಂತಲೂ ಕಡಿಮೆಯಾಗುತ್ತಿದ್ದುದು ಈ ಎರಡು ಕಾರಣಗಳಿಂದ.

ಒಂದು ಚಿಪ್ಪಿನಲ್ಲಿ ಹಿಡಿಸಬಹುದಾದ ಘಟಕಗಳ ಸಂಖ್ಯೆ ಕಾಲಕಾಲಕ್ಕೆ ಇಮ್ಮಡಿಯಾಗುತ್ತ ಹೋಗುವುದೆಂದು ಗಾರ್ಡನ್ ಮೂರ್ 1965ರಲ್ಲಿ ಬರೆದರು; ಇಮ್ಮಡಿಯಾಗಲು ಎರಡು ವರ್ಷ ಬೇಕೆಂದು 1975ರಲ್ಲಿ ತಿದ್ದಿದರು. ಇದನ್ನು 'ನಿಯಮ'ವೆಂದು ಕರೆದದ್ದು ಲೋಕ. ಅದು ನಿಸರ್ಗದ ನಿಯಮವಾಗಿರಲಿಲ್ಲ, ಒಂದು ಉದ್ಯಮದ ಗತಿಯ ವಿವರಣೆಯಾಗಿತ್ತು. ಆ ಗತಿಯಿದ್ದಷ್ಟು ಕಾಲ ಅದರ ಫಲವೇನೋ ಅದ್ಭುತವಾಗಿಯೇ ಇತ್ತು. ಎರಡನೆಯ ಪ್ಲೇಸ್ಟೇಷನ್ನಿನ ಎರಡು ಮುಖ್ಯ ಚಿಪ್ಪುಗಳು ಆರಂಭದಲ್ಲಿ ಒಟ್ಟು 500 ಚದರ ಮಿಲಿಮೀಟರಿಗೂ ಹೆಚ್ಚು ಸಿಲಿಕಾನನ್ನು ಬೇಡುತ್ತಿದ್ದವು. ಸೋನಿ 2003ರಲ್ಲಿ ಇವೆರಡನ್ನೂ ಒಂದೇ ಚಿಪ್ಪಾಗಿ ಬೆಸೆದು ಅಳತೆಯನ್ನು 90 ಚದರ ಮಿಲಿಮೀಟರಿನೊಳಕ್ಕೆ ತಂದಿತು. ಚಿಪ್ಪು ಚಿಕ್ಕದಾದರೆ ವಿದ್ಯುತ್ತು ಕಡಿಮೆ ಸಾಕು, ಬಿಸಿ ಕಡಿಮೆ, ಫ್ಯಾನು ಚಿಕ್ಕದು, ಪೆಟ್ಟಿಗೆ ಚಿಕ್ಕದು, ಹಡಗಿನ ಬಾಡಿಗೆಯೂ ಕಡಿಮೆ. ಒಂದು ಕಡೆ ಆದ ಉಳಿತಾಯ ಹತ್ತು ಕಡೆಗೆ ಹರಿಯುತ್ತಿತ್ತು.

ಇದಕ್ಕೆ ಜೊತೆಯಾಗಿ ಒಂದು ವ್ಯಾಪಾರತಂತ್ರವೂ ಇತ್ತು. ಯಂತ್ರವನ್ನು ಅಸಲಿಗಿಂತ ಕಡಿಮೆಗೆ ಮಾರಿ, ನಷ್ಟವನ್ನು ಆಟಗಳ ಮಾರಾಟದಲ್ಲಿ ತುಂಬಿಕೊಳ್ಳುವುದು. ಆ ಯಂತ್ರಕ್ಕಾಗಿ ಆಟ ತಯಾರಿಸುವ ಪ್ರತಿಯೊಬ್ಬರೂ ಯಂತ್ರದ ಒಡೆಯನಿಗೆ ರಾಯಧನ ಸಲ್ಲಿಸಬೇಕು. ಮೂರನೆಯ ಪ್ಲೇಸ್ಟೇಷನ್ 2006ರ ನವೆಂಬರಿನಲ್ಲಿ ಬಂದಾಗ ಅದರ ಹೆಚ್ಚಿನ ಮಾದರಿಯ ಬೆಲೆ 599 ಡಾಲರ್. ಅದನ್ನು ಬಿಚ್ಚಿ ಲೆಕ್ಕ ಹಾಕಿದ ಐಸಪ್ಲೈ ಎಂಬ ಸಂಸ್ಥೆ ಅಂದಾಜು ಮಾಡಿದ ತಯಾರಿಕಾ ವೆಚ್ಚ ಸುಮಾರು 840 ಡಾಲರ್. ಇಂದಿನ ನಷ್ಟವನ್ನು ನಾಳೆಯ ಇಳಿಕೆ ಸರಿಪಡಿಸುತ್ತದೆ ಎಂಬ ಭರವಸೆಯ ಮೇಲೆ ಆ ಕಂಪನಿ ಒಂದೊಂದು ಯಂತ್ರಕ್ಕೂ ಇನ್ನೂರು ಡಾಲರಿಗೆ ಮಿಕ್ಕಿ ಕೈಯಿಂದ ಹಾಕುತ್ತಿತ್ತು. ನಾವು ಮಾತ್ರವಲ್ಲ, ಅವರೂ ತಾಳ್ಮೆಯನ್ನೇ ನಂಬಿದ್ದರು.

ಇಳಿಯದ ಭಾಗಗಳು

ಈ ಸುವರ್ಣಯುಗದಲ್ಲಿಯೂ ಎಲ್ಲ ಭಾಗಗಳ ಬೆಲೆ ಒಂದೇ ಸಮನೆ ಇಳಿಯುತ್ತಿರಲಿಲ್ಲ. ಇದಕ್ಕೆ ಮೈಕ್ರೋಸಾಫ್ಟಿನ ಮೊದಲ ಎಕ್ಸ್‌ಬಾಕ್ಸ್ ಒಳ್ಳೆಯ ದೃಷ್ಟಾಂತ. 2001ರ ನವೆಂಬರಿನಲ್ಲಿ 299 ಡಾಲರಿಗೆ ಬಂದ ಅದರಲ್ಲಿ ಒಂದು ಹಾರ್ಡ್ ಡಿಸ್ಕ್ ಇತ್ತು. ಹಾರ್ಡ್ ಡಿಸ್ಕಿನ ಪ್ರಗತಿಯ ರೀತಿಯೇ ಬೇರೆ. ಅದೇ ಬೆಲೆಗೆ ವರ್ಷದಿಂದ ವರ್ಷಕ್ಕೆ ಹೆಚ್ಚು ಜಾಗ ಸಿಗುತ್ತದೆ. ಆದರೆ ಮೋಟಾರು, ತಟ್ಟೆ, ಓದುವ ತಲೆ ಇವು ಇರಲೇಬೇಕಾದ್ದರಿಂದ ಬೆಲೆ ಒಂದು ಮಟ್ಟಕ್ಕಿಂತ ಕೆಳಗೆ ಹೋಗದು. ಅದರ ಮೇಲೆ ಚಿತ್ರಚಿಪ್ಪಿನ ವಿನ್ಯಾಸ ಎನ್‌ವಿಡಿಯಾ ಕಂಪನಿಯದು. ವಿನ್ಯಾಸ ತನ್ನದಲ್ಲದ ಮೇಲೆ ಅದನ್ನು ಚಿಕ್ಕದು ಮಾಡುವ, ಬೆಸೆಯುವ ಸ್ವಾತಂತ್ರ್ಯವೂ ತನ್ನದಲ್ಲ. ಬೆಲೆಯ ತಕರಾರು 2002ರಲ್ಲಿ ಮಧ್ಯಸ್ಥಿಕೆಗೆ ಹೋಗಿ 2003ರಲ್ಲಿ ರಾಜಿಯಾಯಿತು. ಎದುರಾಳಿಗೆ ಸಮನಾಗಿ ಬೆಲೆ ಇಳಿಸಿದ ಮೈಕ್ರೋಸಾಫ್ಟಿಗೆ ವೆಚ್ಚವನ್ನು ಅದೇ ವೇಗದಲ್ಲಿ ಇಳಿಸುವುದು ಸಾಧ್ಯವಾಗಲಿಲ್ಲ. 2005ರ ಮುಂದಿನ ಯಂತ್ರದಲ್ಲಿ ಅದು ಚಿಪ್ಪಿನ ವಿನ್ಯಾಸದ ಹಕ್ಕುಗಳನ್ನು ತನ್ನ ಕೈಯಲ್ಲಿಟ್ಟುಕೊಂಡಿತು. ಅಗ್ಗದ ಮಾದರಿಯಿಂದ ಹಾರ್ಡ್ ಡಿಸ್ಕನ್ನೇ ಕೈಬಿಟ್ಟಿತು. ಸ್ವಂತ ವಿನ್ಯಾಸವಿಲ್ಲದವನ ಕೈಯಲ್ಲಿ ಬೆಲೆಯ ಲಗಾಮು ಇರುವುದಿಲ್ಲ ಎಂಬ ಈ ಪಾಠ, ಚಿಪ್ಪುಗಳ ವಿಷಯದಲ್ಲಿ ಸ್ವಾವಲಂಬನೆಯ ಮಾತನ್ನಾಡುತ್ತಿರುವ ನಮ್ಮ ದೇಶಕ್ಕೂ ಅನ್ವಯಿಸುತ್ತದೆ.

ಇಳಿಕೆಯ ಇನ್ನೊಂದು ಮುಖವನ್ನೂ ಮರೆಯಬಾರದು. ಮೂರನೆಯ ಪ್ಲೇಸ್ಟೇಷನ್ನಿನ ಬೆಲೆ 2007ರ ಕೊನೆಗೆ 399 ಡಾಲರಿಗೆ ಇಳಿದಾಗ, ಆ ಅಗ್ಗದ ಮಾದರಿಯಲ್ಲಿ ಹಳೆಯ ಯಂತ್ರದ ಆಟಗಳನ್ನು ಆಡುವ ಸೌಲಭ್ಯ ಮಾಯವಾಗಿತ್ತು, ನಾಲ್ಕಿದ್ದ ಯು.ಎಸ್.ಬಿ. ದ್ವಾರಗಳು ಎರಡಾಗಿದ್ದವು. 2009ರಲ್ಲಿ 299 ಡಾಲರಿಗೆ ಬಂದ ತೆಳು ಮಾದರಿಯಲ್ಲಿ ಚಿಪ್ಪು ನಿಜವಾಗಿಯೂ ಚಿಕ್ಕದಾಗಿತ್ತು. ಬೆಲೆ ಇಳಿಯಿತೆಂಬ ಜಾಹೀರಾತನ್ನು ಓದುವಾಗ, ಇಳಿದದ್ದು ವೆಚ್ಚವೋ ವಸ್ತುವೋ ಎಂದು ಕೇಳಿಕೊಳ್ಳಬೇಕಾದ ಕಾಲ ಆಗಲೇ ಆರಂಭವಾಗಿತ್ತು.

ಏಣಿಯ ದಿಕ್ಕು ಬದಲಾದದ್ದು

ಇನ್ನು ಈಚಿನ ಸ್ಥಿತಿ. ನಾಲ್ಕನೆಯ ಪ್ಲೇಸ್ಟೇಷನ್ 2013ರಲ್ಲಿ 399 ಡಾಲರಿಗೆ ಬಂದು 2016ರಲ್ಲಿ 299ಕ್ಕೆ ಇಳಿಯಿತು. ಅಲ್ಲಿಗೆ ನಿಂತಿತು. ಹಬ್ಬದ ದಿನಗಳ ರಿಯಾಯಿತಿಗಳನ್ನು ಬಿಟ್ಟರೆ, ನೂರು ಡಾಲರ್ ಎಂಬ ಹಳೆಯ ಗುರಿಯ ಹತ್ತಿರಕ್ಕೂ ಅದು ಬರಲಿಲ್ಲ. ನಿಂಟೆಂಡೊ ಸ್ವಿಚ್ 2017ರಲ್ಲಿ 299 ಡಾಲರಿಗೆ ಬಂದು ಅದೇ ಬೆಲೆಯಲ್ಲಿ ಎಂಟು ವರ್ಷ ಕಳೆಯಿತು. 2025ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಅದರ ಬೆಲೆ 339ಕ್ಕೆ ಏರಿತು. ಎಂಟು ವರ್ಷ ಹಳೆಯ ಯಂತ್ರದ ಬೆಲೆ ಏರುವುದೆಂದರೆ ನನ್ನ ಪೀಳಿಗೆಯವರಿಗೆ ಗಡಿಯಾರ ಹಿಂದಕ್ಕೆ ತಿರುಗಿದಂತೆಯೇ ಸರಿ. 2020ರ ನವೆಂಬರಿನಲ್ಲಿ 499 ಡಾಲರಿಗೆ ಬಂದ ಐದನೆಯ ಪ್ಲೇಸ್ಟೇಷನ್ 2025ರ ಆಗಸ್ಟಿನಲ್ಲಿ 549 ಆಯಿತು. ಅದೇ ತಿಂಗಳಲ್ಲಿ ಅದೇ ಬೆಲೆಗೆ ಬಂದಿದ್ದ ಎಕ್ಸ್‌ಬಾಕ್ಸ್ ಸರಣಿಯ ದೊಡ್ಡ ಯಂತ್ರ 2025ರ ಮೇ ತಿಂಗಳಲ್ಲಿ 599ಕ್ಕೂ ಅಕ್ಟೋಬರಿನಲ್ಲಿ 649ಕ್ಕೂ ಏರಿತು.

ಕಾರಣಗಳು ಹಲವು. ಮೊದಲನೆಯದು ಶಂಕರಪೋಳಿಯದೇ. ತುಂಡುಗಳನ್ನು ಇನ್ನೂ ಚಿಕ್ಕದಾಗಿ ಕೊಯ್ಯಬಹುದು. ಆದರೆ ಅಷ್ಟು ಸೂಕ್ಷ್ಮವಾಗಿ ಕೊಯ್ಯಬಲ್ಲ ಕಾರ್ಖಾನೆ, ಯಂತ್ರೋಪಕರಣ, ಕೆಲಸದ ಹಂತಗಳು ಇವೆಲ್ಲ ಸೇರಿ ಲಟ್ಟಿಸಿದ ಹಾಳೆಯೇ ದುಬಾರಿಯಾಗಿದೆ. ಹಾಳೆಯ ಬೆಲೆ ಏರುವ ವೇಗವು ತುಂಡುಗಳ ಸಂಖ್ಯೆ ಏರುವ ವೇಗವನ್ನು ಸಮೀಪಿಸಿದಾಗ ಉಳಿತಾಯ ಕರಗಿಹೋಗುತ್ತದೆ. ಐದನೆಯ ಪ್ಲೇಸ್ಟೇಷನ್ನಿನ ಚಿಪ್ಪು 2022ರಲ್ಲಿ ಸುಮಾರು 300ರಿಂದ 260 ಚದರ ಮಿಲಿಮೀಟರಿಗೆ ಕಿರಿದಾಯಿತು. ಹಳೆಯ ಕಾಲವಾಗಿದ್ದರೆ ಅದು ಬೆಲೆ ಇಳಿಕೆಯ ಮುನ್ಸೂಚನೆ. ಆದದ್ದು ಬೇರೆ. ಅದೇ 2022ರ ಆಗಸ್ಟಿನಲ್ಲಿ ಹಣದುಬ್ಬರ ಮತ್ತು ವಿನಿಮಯ ದರಗಳ ಕಾರಣ ಕೊಟ್ಟು, ಅಮೆರಿಕವನ್ನು ಬಿಟ್ಟು ಯುರೋಪು, ಜಪಾನು ಮೊದಲಾದೆಡೆ ಬೆಲೆಯನ್ನು ಏರಿಸಲಾಯಿತು.

ಎರಡನೆಯದು ಪೈಪೋಟಿ, ಆಟದ ಯಂತ್ರಗಳ ನಡುವಿನದಲ್ಲ, ಬಿಡಿಭಾಗಗಳಿಗಾಗಿ ನಡೆಯುವ ಪೈಪೋಟಿ. ಒಂದು ಕಾಲಕ್ಕೆ ಈ ಯಂತ್ರಗಳೇ ಚಿಪ್ಪುಗಳ ದೊಡ್ಡ ಗಿರಾಕಿಗಳಾಗಿದ್ದವು. ಈಗ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಸ್ಮೃತಿ ಚಿಪ್ಪುಗಳನ್ನು ಕೇಳಿದ ಬೆಲೆಗೆ ಕೊಳ್ಳುತ್ತಿವೆ. 2025ರ ಕೊನೆಯ ತಿಂಗಳುಗಳಲ್ಲಿ ಸ್ಮೃತಿಯ ಬೆಲೆ ತೀವ್ರವಾಗಿ ಏರಿತು. ಅಮೆರಿಕದ ಮೈಕ್ರಾನ್ ಕಂಪನಿಯು ಸಾಮಾನ್ಯ ಗ್ರಾಹಕರಿಗೆ ಸ್ಮೃತಿ ಮಾರುತ್ತಿದ್ದ ತನ್ನ 'ಕ್ರೂಷಿಯಲ್' ವ್ಯವಹಾರವನ್ನೇ ನಿಲ್ಲಿಸುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಸಾರಿತು. ಮದುವೆಮನೆಯವರು ಮಂಡಿಯಲ್ಲಿದ್ದ ಹೂವನ್ನೆಲ್ಲ ಎತ್ತಿಕೊಂಡ ಮೇಲೆ ನಿತ್ಯಪೂಜೆಗೆ ಮೊಳ ಹೂ ಕೊಳ್ಳುವವನಿಗೆ ಏನು ಗತಿಯೋ ಅದೇ ಗತಿ ಮನೆಬಳಕೆಯ ಗ್ರಾಹಕನಿಗೆ ಒದಗಿತು. ಮೂರನೆಯದು, 2025ರಲ್ಲಿ ಅಮೆರಿಕ ಹೇರಿದ ಆಮದು ಸುಂಕಗಳು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಹುರುಳಿಲ್ಲದ್ದಲ್ಲ. ಹಣದುಬ್ಬರವನ್ನು ಗಣಿಸಿದರೆ 1995ರ 299 ಡಾಲರ್ 2025ರ ಸುಮಾರು 630 ಡಾಲರಿಗೆ ಸಮ. ಹಾಗಿರುವಾಗ 549 ಡಾಲರ್ ದುಬಾರಿ ಹೇಗೆ ಎಂದು ಕೇಳಬಹುದು. ಅಷ್ಟೇ ಅಲ್ಲ, 2020ರ 499 ಡಾಲರಿನ ಮೌಲ್ಯಕ್ಕೆ ಹೋಲಿಸಿದರೆ 2025ರ 549 ಸ್ವಲ್ಪ ಕಡಿಮೆಯೇ. ಅರ್ಥಶಾಸ್ತ್ರ ಓದಿದವನಾಗಿ ಈ ಲೆಕ್ಕವನ್ನು ನಾನು ಒಪ್ಪುತ್ತೇನೆ. ಆದರೆ ನನ್ನ ಪ್ರಶ್ನೆ ಮೊದಲ ದಿನದ ಬೆಲೆಯದಲ್ಲ, ಐದನೆಯ ವರ್ಷದ ಬೆಲೆಯದು. ಆಗ ನಾಲ್ಕು ವರ್ಷ ಕಾದವನಿಗೆ ಮೂರರಲ್ಲಿ ಎರಡು ಪಾಲು ಉಳಿಯುತ್ತಿತ್ತು. ಈಗ ಐದು ವರ್ಷ ಕಾದವನು ಕೈಯಿಂದ ಐವತ್ತು ಡಾಲರ್ ಹೆಚ್ಚು ಕೊಡಬೇಕಾಯಿತು. ಹಣದುಬ್ಬರದ ಲೆಕ್ಕದಲ್ಲಿ ಅವನಿಗೆ ಉಳಿದದ್ದು ಹತ್ತರಲ್ಲಿ ಒಂದು ಪಾಲಿನಷ್ಟು. ಅನುಕೂಲಸ್ಥನಿಗೆ ಇದರಿಂದ ಹೆಚ್ಚಿನ ನಷ್ಟವೇನೂ ಇಲ್ಲ. ಅವನು ಮೊದಲ ದಿನವೇ ಕೊಳ್ಳುವವನು. ನಷ್ಟವಾದದ್ದು ಕಾಯುವುದೊಂದೇ ಗತಿಯಾದವನಿಗೆ.

ಬಂದರಿನಿಂದ ಅಂಗಡಿಯವರೆಗೆ

ಭಾರತದಲ್ಲಿ ಈ ಏಣಿ ಮೊದಲಿನಿಂದಲೂ ಎತ್ತರವಾಗಿಯೇ ಇತ್ತು. ಮೂರನೆಯ ಪ್ಲೇಸ್ಟೇಷನ್ 2007ರಲ್ಲಿ ಇಲ್ಲಿಗೆ ಬಂದಾಗ 39,990 ರೂಪಾಯಿ. ಐದನೆಯದು 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂತು. 2022ರ ನವೆಂಬರಿನಲ್ಲಿ 54,990 ಆಯಿತು. ಇದರಲ್ಲಿ ಸರ್ಕಾರದ ಪಾಲೆಷ್ಟು? 2018ರ ಬಜೆಟ್ಟಿನಲ್ಲಿ ಈ ಯಂತ್ರಗಳ ಮೂಲ ಆಮದು ಸುಂಕವನ್ನು ಶೇ. 10ರಿಂದ 20ಕ್ಕೆ ಏರಿಸಲಾಯಿತು; 2019ರ ಜನವರಿಯಿಂದ ಜಿ.ಎಸ್.ಟಿ. ದರವನ್ನು ಶೇ. 28ರಿಂದ 18ಕ್ಕೆ ಇಳಿಸಲಾಯಿತು. ಆ ದರಗಳ ಪ್ರಕಾರ ಬಂದರಿನಲ್ಲಿ 100 ರೂಪಾಯಿ ಮೌಲ್ಯದ ಯಂತ್ರಕ್ಕೆ ಸುಂಕ 20, ಸುಂಕದ ಮೇಲಿನ ಸಮಾಜ ಕಲ್ಯಾಣ ಮೇಲ್ತೆರಿಗೆ 2, ಒಟ್ಟು 122ರ ಮೇಲೆ ಜಿ.ಎಸ್.ಟಿ. ಸುಮಾರು 22. ಅಂಗಡಿಯವನ ಲಾಭ ಸೇರುವ ಮೊದಲೇ ನೂರು ನೂರನಲವತ್ತನಾಲ್ಕು ಆಗಿರುತ್ತದೆ.

ಆಟಿಕೆಯ ತೆರಿಗೆಯನ್ನು ಮನ್ನಾ ಮಾಡಬೇಕೆಂದು ನಾನು ಕೇಳುತ್ತಿಲ್ಲ. ಕುಡಿಯುವ ನೀರು, ಶಾಲೆ, ಆಸ್ಪತ್ರೆಗಳಿಗೆ ಹಣ ಬೇಕಾದ ದೇಶದಲ್ಲಿ ಆಟಕ್ಕೆ ತೆರಿಗೆ ಬೀಳುವುದು ಸಹಜ. ಗಮನಿಸಬೇಕಾದದ್ದು ಶೇಕಡಾವಾರು ತೆರಿಗೆಯ ಸ್ವಭಾವವನ್ನು. ಮೂಲ ಬೆಲೆ ಇಳಿಯುತ್ತಿದ್ದಾಗ ತೆರಿಗೆಯೂ ತಾನಾಗಿ ಇಳಿಯುತ್ತಿತ್ತು. ಯಾರೂ ಅರ್ಜಿ ಹಾಕಬೇಕಾಗಿರಲಿಲ್ಲ. ಮೂಲ ಬೆಲೆ ಏರತೊಡಗಿದರೆ ತೆರಿಗೆಯೂ ಸದ್ದಿಲ್ಲದೆ ಏರುತ್ತದೆ. ಅದರ ಮೇಲೆ ರೂಪಾಯಿಯ ಇಳಿತ ಬೇರೆ. 2006ರ ಕೊನೆಯಲ್ಲಿ ಸುಮಾರು 45 ರೂಪಾಯಿ ಇದ್ದ ಡಾಲರು 2025ರ ಕೊನೆಗೆ 90ರ ಆಸುಪಾಸಿಗೆ ಬಂದಿತ್ತು. ಡಾಲರಿನಲ್ಲಿ ಏರಿಕೆ, ರೂಪಾಯಿಯಲ್ಲಿ ಇಳಿಕೆ, ಎರಡರ ಮೇಲೂ ಶೇಕಡಾವಾರು ತೆರಿಗೆ, ಹೀಗೆ ಮೂರು ಪೆಟ್ಟುಗಳು ಒಬ್ಬನ ಬೆನ್ನಿಗೇ ಬೀಳುತ್ತವೆ. ಇದೇ ಚಿಪ್ಪು, ಇದೇ ಸ್ಮೃತಿ ಶಾಲೆಯ ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಇರುವುದರಿಂದ, ಆಟಿಕೆಯಲ್ಲಿ ಇಂದು ಕಂಡದ್ದು ನಾಳೆ ಪಾಠದ ಉಪಕರಣಗಳಲ್ಲಿ ಕಾಣದಿರದು. ಮುಂದಿನ ವರ್ಷ ಅಗ್ಗವಾಗುತ್ತದೆ, ಆಗ ಕೊಂಡರಾಯಿತು ಎಂದು ಖರೀದಿಯನ್ನು ಮುಂದೂಡುವ ಪದ್ಧತಿ ಕಚೇರಿಗಳಲ್ಲಿಯೂ ಶಾಲಾ ಆಡಳಿತ ಮಂಡಳಿಗಳಲ್ಲಿಯೂ ಬೇರೂರಿದೆ. ಅದನ್ನು ಪುನರ್ವಿಮರ್ಶಿಸುವ ಕಾಲ ಬಂದಿದೆ.

ಭಾಷೆಗೆ ಕೊಟ್ಟ ರಿಯಾಯಿತಿ

ಜಪಾನಿನಿಂದ ಬಂದ ಒಂದು ಸಂಗತಿಯನ್ನು ಈ ಪತ್ರಿಕೆಯ ಓದುಗರಿಗೆ ಹೇಳದೆ ಮುಂದೆ ಹೋಗಲಾರೆ. ಯೆನ್ನಿನ ಮೌಲ್ಯ ಕುಸಿದು ತವರಿನ ಗ್ರಾಹಕರಿಗೇ ಯಂತ್ರ ದುಬಾರಿಯಾದಾಗ ಅಲ್ಲಿನ ಕಂಪನಿಗಳು ಒಂದು ಉಪಾಯ ಮಾಡಿದವು. 2025ರ ಜೂನಿನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಯಂತ್ರದ ಜಪಾನಿ ಭಾಷೆಯೊಂದನ್ನೇ ಬಲ್ಲ ಮಾದರಿಗೆ 49,980 ಯೆನ್. ಹಲವು ಭಾಷೆಗಳ ಮಾದರಿಗೆ 69,980 ಯೆನ್. ಅದೇ ವರ್ಷದ ನವೆಂಬರಿನಲ್ಲಿ ಸೋನಿಯೂ ಜಪಾನಿ ಭಾಷೆಗಷ್ಟೇ ಸೀಮಿತವಾದ, ಡಿಸ್ಕ್ ಇಲ್ಲದ ಪ್ಲೇಸ್ಟೇಷನ್ನನ್ನು 55,000 ಯೆನ್ನಿಗೆ ತಂದಿತು. ಹಲವು ಭಾಷೆಗಳ ಅಂಥದೇ ಯಂತ್ರಕ್ಕೆ 2024ರಿಂದ 72,980 ಯೆನ್ ಇತ್ತು. ಹೊರದೇಶದವರು ಅಗ್ಗದ ಯಂತ್ರಗಳನ್ನು ಕೊಂಡು ಸಾಗಿಸದಂತೆ ಭಾಷೆಯನ್ನೇ ಬೇಲಿಯಾಗಿ ಹಾಕಿ, ಬೇಲಿಯೊಳಗಿನವರಿಗೆ ರಿಯಾಯಿತಿ ಕೊಟ್ಟರು.

ಇದರಲ್ಲಿ ಭಾಷಾಭಿಮಾನವನ್ನು ಕಂಡು ಪುಳಕಗೊಳ್ಳಬೇಕಾಗಿಲ್ಲ. ಅದು ಶುದ್ಧ ವ್ಯಾಪಾರ. ಆದರೂ ಯೋಚಿಸಬೇಕಾದ ಮಾತೊಂದಿದೆ. ಜಪಾನಿ ಮಾತಾಡುವ ಗಿರಾಕಿ ಕೈತಪ್ಪಬಾರದೆಂಬ ಆತಂಕ ಕಂಪನಿಗಳಿಗಿತ್ತು. ಆ ಆತಂಕವೇ ಭಾಷೆಯನ್ನು ರಿಯಾಯಿತಿ ಚೀಟಿಯನ್ನಾಗಿ ಮಾಡಿತು. ಕನ್ನಡ ಬಲ್ಲವರಿಗೆಂದು ಬೆಲೆ ಇಳಿಸಿದ ಯಂತ್ರವನ್ನು ನಾನು ಈವರೆಗೆ ಕಂಡಿಲ್ಲ. ನಮ್ಮ ಸಂಖ್ಯೆ ಚಿಕ್ಕದಲ್ಲ. ಆದರೆ ಕೊಳ್ಳುವಾಗ ನಾವು ಕನ್ನಡವನ್ನು ಕೇಳುವವರಲ್ಲ. ಕೇಳದಿದ್ದವರ ಬಗ್ಗೆ ಯಾವ ವ್ಯಾಪಾರಿಗೂ ಆತಂಕವಿರುವುದಿಲ್ಲ.

ಇನ್ನು ಮಾಡಬೇಕಾದದ್ದು

ಹೊಸ ಯಂತ್ರದ ಏಣಿ ಕೆಳಗಿಳಿಯದಿದ್ದರೆ ಉಳಿದ ದಾರಿಗಳು ಎರಡು, ಹಳೆಯದನ್ನು ಕೊಳ್ಳುವುದು ಮತ್ತು ಇದ್ದುದನ್ನು ರಿಪೇರಿ ಮಾಡಿಸುವುದು. ಕಳವಳದ ವಿಷಯವೆಂದರೆ ಈ ಎರಡು ದಾರಿಗಳೂ ಕಿರಿದಾಗುತ್ತಿವೆ. ಡಿಸ್ಕಿನ ಕಿಂಡಿಯಿಲ್ಲದ ಯಂತ್ರ 2020ರಲ್ಲಿ ನೂರು ಡಾಲರ್ ಅಗ್ಗವಾಗಿ ಬಂತು. 2024ರಲ್ಲಿ 699 ಡಾಲರಿಗೆ ಬಂದ ದುಬಾರಿ ಪ್ಲೇಸ್ಟೇಷನ್ ಪ್ರೊ ಯಂತ್ರದಲ್ಲಿಯೂ ಡಿಸ್ಕ್ ಕಿಂಡಿ ಇರಲಿಲ್ಲ, ಬೇಕಾದವರು ಬೇರೆಯಾಗಿ ಕೊಳ್ಳಬೇಕು. ಕಿಂಡಿಯಿಲ್ಲದ ಯಂತ್ರಕ್ಕೆ ಸ್ನೇಹಿತನ ಡಿಸ್ಕನ್ನು ಎರವಲು ತರುವಂತಿಲ್ಲ, ಹಳೆಯ ಆಟವನ್ನು ಅರ್ಧ ಬೆಲೆಗೆ ಕೊಳ್ಳುವಂತಿಲ್ಲ, ಆಡಿ ಮುಗಿಸಿದ್ದನ್ನು ಮಾರುವಂತಿಲ್ಲ. ಯಂತ್ರದಲ್ಲಿ ಉಳಿಸಿದ ನೂರು ಡಾಲರನ್ನು ಕಂಪನಿಯ ಅಂಗಡಿಯೊಂದರಲ್ಲೇ ಪೂರ್ತಿ ಬೆಲೆಗೆ ಆಟ ಕೊಳ್ಳುತ್ತ ಕೆಲವೇ ಖರೀದಿಗಳಲ್ಲಿ ಕಳೆದುಕೊಳ್ಳುತ್ತೇವೆ. ಯುರೋಪಿನಲ್ಲಿ 2025ರಲ್ಲಿ ಬಂದ ಡಿಸ್ಕ್ ಇಲ್ಲದ ಮಾದರಿಯೊಂದರಲ್ಲಿ ಬೆಲೆಯನ್ನು ಹಾಗೆಯೇ ಇಟ್ಟು, ಸಂಗ್ರಹದ ಜಾಗವನ್ನು ಒಂದು ಟೆರಾಬೈಟಿನಿಂದ 825 ಗಿಗಾಬೈಟಿಗೆ ಇಳಿಸಲಾಯಿತು. ಬಿಸ್ಕತ್ತಿನ ಪೊಟ್ಟಣದ ತೂಕ ಇಳಿಸುವ ಜಾಣತನ ಇಲ್ಲಿಗೂ ಬಂದಿದೆ.

ಆದ್ದರಿಂದ ತಂದೆತಾಯಿಗಳಿಗೆ ನನ್ನ ಸಲಹೆ ಇಷ್ಟು. ಕೊಳ್ಳಲೇಬೇಕಾದರೆ ಇಳಿಕೆಗಾಗಿ ಕಾಯುತ್ತ ಮಗುವಿನ ಬಾಲ್ಯವನ್ನು ಕಳೆಯಬೇಡಿ. ಡಿಸ್ಕ್ ಹಾಕುವ ಯಂತ್ರವನ್ನೇ ಆರಿಸಿ. ಯಂತ್ರದ ಬೆಲೆಯ ಜೊತೆ ಐದು ವರ್ಷದ ಆಟಗಳ ಬೆಲೆಯನ್ನೂ ಕೂಡಿಸಿ ನೋಡಿ. ಕೊಳ್ಳಲು ಸಾಧ್ಯವಿಲ್ಲವೆಂದಾದರೆ ಸಂಕೋಚವಿಲ್ಲದೆ ಹಾಗೆಂದು ಹೇಳಿ. 'ಮುಂದಿನ ವರ್ಷ' ಎಂಬ ಮಾತಿಗೆ ಹಿಂದೆ ಇದ್ದ ಆಧಾರ ಈಗಿಲ್ಲ.

ಸರ್ಕಾರದಿಂದ ನಿರೀಕ್ಷಿಸಬೇಕಾದದ್ದು ರಿಪೇರಿಯ ಹಕ್ಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ಇದಕ್ಕಾಗಿ ಸಮಿತಿಯೊಂದನ್ನು ನೇಮಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವೊಂದನ್ನೂ ತೆರೆಯಿತು. ಒಳ್ಳೆಯ ಆರಂಭ. ಬಿಡಿಭಾಗ, ದುರಸ್ತಿಯ ಕೈಪಿಡಿ ಇವು ಲ್ಯಾಮಿಂಗ್ಟನ್ ರಸ್ತೆಯ ಸಾಮಾನ್ಯ ಮೆಕ್ಯಾನಿಕ್ಕನ ಕೈಗೂ ಸಿಗಬೇಕೆಂದು ಕಾನೂನು ಕಡ್ಡಾಯ ಮಾಡಿದರೆ, ಒಂದು ಯಂತ್ರದ ಆಯುಸ್ಸು ನಾಲ್ಕರಿಂದ ಎಂಟು ವರ್ಷಕ್ಕೆ ಏರಬಲ್ಲದು. ಚಿಪ್ಪಿನ ಕಾರ್ಖಾನೆಗಳು ಕೊಡಲಾರದ ಇಳಿಕೆಯನ್ನು ಅದು ಕೊಡುತ್ತದೆ.

ಸಂಘಗಳ ಕೆಲಸವೂ ಇದೆ. ಹೊರನಾಡಿನ ನಮ್ಮ ಅನೇಕ ಸಂಘಗಳಲ್ಲಿ ಗ್ರಂಥಾಲಯವಿದೆ, ಕೇರಂ ಬೋರ್ಡಿದೆ. ಮನೆಮನೆಗೂ ಪುಸ್ತಕ ಕೊಳ್ಳುವ ಶಕ್ತಿಯಿಲ್ಲದಿದ್ದಾಗ ಹಿರಿಯರು ಕಪಾಟು ಕಟ್ಟಿದರು. ಮನೆಮನೆಗೂ ಕಂಪ್ಯೂಟರು, ಆಟದ ಯಂತ್ರ ಕೊಳ್ಳುವ ಶಕ್ತಿ ಇಲ್ಲವೆಂದಾದರೆ ಅದೇ ಕೋಣೆಯಲ್ಲಿ ಒಂದು ಮೇಜು ಹಾಕಿ, ವಾರಕ್ಕೆ ಎರಡು ಸಂಜೆ ಮಕ್ಕಳಿಗೆ ತೆರೆದಿಡಬಹುದು. ಆಟದ ನೆಪದಲ್ಲಿ ಬಂದ ಮಗು ಕನ್ನಡವನ್ನೂ ಕಿವಿಯ ಮೇಲೆ ಹಾಕಿಕೊಂಡು ಹೋದೀತು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಬೇಕೆಂದು ನನ್ನ ವಿನಂತಿ.